ಇನ್ಸ್‌ಪೆಕ್ಟರ್ ಮೂಸದ ಹಾಲು

ಅತ್ತೆಯ ಮನೆಯಲ್ಲಿ ಹಾಲು ಕೆಟ್ಟಿದೆಯೋ ಇಲ್ಲವೋ ಎಂದು ಹೇಳುವ ಅಧಿಕಾರ ನನಗಿರಲಿಲ್ಲ. ಅದು ಬೆಕ್ಕಿಗಿತ್ತು. ಇದರಲ್ಲಿ ನನಗೇನೂ ಅವಮಾನವಾಗಲಿಲ್ಲ. ಈ ಮನೆಗೆ ಬಂದ ಹೊಸದರಲ್ಲಿ ಒಡೆದ ಹಾಲಿನ ಕಾಫಿಯನ್ನು ಮೊಬೈಲ್ ನೋಡುತ್ತಾ ತಳದವರೆಗೂ ಕುಡಿದು, "ಇವತ್ತು ಕಾಫಿ ಗಟ್ಟಿಯಾಗಿದೆ ಅತ್ತೆ" ಎಂದು ಹೊಗಳಿದವನು ನಾನು. ಅಂದೇ ಅವರು ನನ್ನ ಮೂಗು, ನಾಲಿಗೆ ಎರಡನ್ನೂ ಲೆಕ್ಕದಿಂದ ತೆಗೆದುಹಾಕಿದರು.

ಅತ್ತೆ ಎಂದರೆ ಅಪ್ಪನ ಅಕ್ಕ. ಈ ಊರಿನ ಪಾರ್ಸೆಲ್ ಗೋದಾಮಿನಲ್ಲಿ ನನಗೆ ಕೆಲಸ ಸಿಕ್ಕಾಗ, "ಇನ್ನೊಂದು ಮಂಚ ಖಾಲಿ ಇದೆ, ಬರಲಿ" ಎಂದರು. ಆ ಮಂಚ ಮಾವನದು. ಮಾವ ತೀರಿಕೊಂಡಿದ್ದರು. ಮಂಚವನ್ನು ಸುಮ್ಮನೆ ಬಿಡುವುದು ಅತ್ತೆಯ ಜಾಯಮಾನಕ್ಕೆ ಒಗ್ಗುವುದಿಲ್ಲ.

ಗೋದಾಮಿನಲ್ಲಿ ನನ್ನ ಕೆಲಸ ಪೆಟ್ಟಿಗೆಗಳ ಮೇಲೆ 'ಎಚ್ಚರಿಕೆ, ಒಡೆಯುವ ವಸ್ತು' ಎಂಬ ಚೀಟಿ ಅಂಟಿಸುವುದು. ನಾನು ಅಂಟಿಸಿದ ಮೇಲೆ ಆ ಪೆಟ್ಟಿಗೆಯನ್ನು ಇನ್ನೊಬ್ಬ ಎತ್ತಿ ಲಾರಿಯೊಳಕ್ಕೆ ಎಸೆಯುತ್ತಾನೆ. ಅದು ಅವನ ಕೆಲಸ. ನಾವಿಬ್ಬರೂ ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ತಲೆಹಾಕುವುದಿಲ್ಲ.

ಅತ್ತೆಯ ಕೆಲಸ ಇದಕ್ಕೆ ತದ್ವಿರುದ್ಧ. ಬಸ್ ನಿಲ್ದಾಣದ ಹಿಂದಿನ ಟೈಲರ್ ಅಂಗಡಿಯಲ್ಲಿ ಅವರು ಹೊಸ ಬಟ್ಟೆ ಮುಟ್ಟುವವರಲ್ಲ, ಹಳೆಯದನ್ನು ಸರಿಮಾಡುವವರು. ಸವೆದ ಕಾಲರನ್ನು ಬಿಚ್ಚಿ, ಒಳಮೈಯನ್ನು ಹೊರಗೆ ತಿರುವಿ, ಮತ್ತೆ ಹೊಲಿದು ಕೊಡುತ್ತಾರೆ. ಶರ್ಟಿಗೆ ಇನ್ನೆರಡು ವರ್ಷ ಆಯುಸ್ಸು. ಮನೆ ನಡೆಸುವುದೂ ಹಾಗೆಯೇ. ಜಗತ್ತಿನಲ್ಲಿ ಯಾವುದಕ್ಕಾದರೂ ಇನ್ನೊಂದು ಮಗ್ಗುಲು ಇದ್ದೇ ಇರುತ್ತದೆ, ಬಿಚ್ಚಿ ನೋಡುವ ತಾಳ್ಮೆ ಬೇಕು ಅಷ್ಟೇ ಎಂದು ಅವರ ನಂಬಿಕೆ.

ನಾವಿರುವ ಕಟ್ಟಡದ ಹೆಂಗಸರೆಲ್ಲ ಅವರನ್ನು ಕೇಳಿಯೇ ಸಾಮಾನು ತರುತ್ತಿದ್ದರು. ಕೋಳಿಯ ಮೂಳೆಯನ್ನು ಎರಡು ಸಲ ಕುದಿಸಬಹುದು, ಮೂರನೆಯ ಸಲ ಕುದಿಸಿದರೆ ಗ್ಯಾಸಿಗೆ ನಷ್ಟ. ತರಕಾರಿ ಸಿಪ್ಪೆಯನ್ನು ತೊಳೆದು ಫ್ರೀಜರಿನ ಚೀಲಕ್ಕೆ ಹಾಕುತ್ತಾ ಹೋಗು, ಚೀಲ ತುಂಬಿದ ದಿನ ಸೂಪ್. ಬ್ರೆಡ್ಡಿನ ತುದಿಯನ್ನು ಬಿಸಾಡುವವನು ದೊರೆ ಮಗನಾಗಿರಬೇಕು ಇಲ್ಲ ಹುಚ್ಚನಾಗಿರಬೇಕು. ಹಸಿದ ಹೊಟ್ಟೆಯಲ್ಲಿ ಅಂಗಡಿಗೆ ಹೋಗಬೇಡ, ಕಣ್ಣು ಹೊಟ್ಟೆಯ ಮಾತು ಕೇಳುತ್ತದೆ. ಮೀನು ಮಾರುಕಟ್ಟೆಗೆ ಬಾಗಿಲು ಹಾಕುವ ಹೊತ್ತಿಗೆ ಹೋಗು. ತಲೆ, ಬಾಲ ಕೇಳಿದರೆ ಸುಮ್ಮನೆ ಕೊಡುತ್ತಾರೆ.

ಬೆಕ್ಕಿಗೂ ಪ್ರತ್ಯೇಕ ಶಾಸ್ತ್ರವಿತ್ತು. ಅದು ಗಲೀಜು ಮಾಡುವ ತಟ್ಟೆಗೆ ಮರಳು ಕೊಳ್ಳುವಂತಿಲ್ಲ. ಬಡಗಿಯ ಹತ್ತಿರ ಗರಗಸದ ಹೊಟ್ಟು ಬಿಟ್ಟಿ ಸಿಗುತ್ತದೆ. ಆಟಕ್ಕೆ ದಾರ ಮುಗಿದ ರೀಲು ಸಾಕು, ಆದರೆ ಒಂದೆಳೆ ದಾರವೂ ಉಳಿದಿರಬಾರದು; ನುಂಗಿದರೆ ವರ್ಷದ ಉಳಿತಾಯವೆಲ್ಲ ಡಾಕ್ಟರಿಗೆ. ಈರುಳ್ಳಿ ಬೆಕ್ಕಿಗೆ ವಿಷ, ಆದ್ದರಿಂದ ಒಗ್ಗರಣೆಗೆ ಮುಂಚೆಯೇ, ಉಪ್ಪಿಗೂ ಮುಂಚೆ, ಮುಳ್ಳು ಬಿಡಿಸಿ ಅದರ ಪಾಲು ಎತ್ತಿಡಬೇಕು.

ಎದುರು ಮನೆಯ ಟೀಚರ್ ಒಮ್ಮೆ ಕೇಳಿದ್ದರು. "ಅಲ್ರೀ, ಬೆಕ್ಕಿಗೆ ಅಂತಲೇ ಡಬ್ಬಿ ಊಟ ಬರುತ್ತಲ್ಲ, ತರಲ್ವಾ?"

"ಡಬ್ಬಿ ಮೇಲೆ ಬೆಕ್ಕಿನ ಚಿತ್ರ ಇರುತ್ತೆ ನೋಡಿ, ಅರ್ಧ ದುಡ್ಡು ಅದಕ್ಕೇ" ಎಂದರು ಅತ್ತೆ. "ನಮ್ಮದಕ್ಕೆ ಕನ್ನಡಿ ನೋಡಿದ್ರೆ ಸಾಕು."

ಬೆಕ್ಕು ಬೂದು ಬಣ್ಣದ್ದು, ಒಂದು ಕಿವಿ ಮಡಿಸಿದ್ದು. ಅದನ್ನು ಸಾಕಿದವರು ಮಾವ. ಅದಕ್ಕೆ ಇನ್ಸ್‌ಪೆಕ್ಟರ್ ಎಂದು ಹೆಸರಿಟ್ಟವನು ನಾನು. ಯಾಕೆಂದು ಹೇಳಬೇಕಾದರೆ ಅತ್ತೆಯ ಮೂಗಿನ ವಿಷಯ ಹೇಳಬೇಕು.

ಮಾವ ತೀರಿಕೊಂಡ ವರ್ಷವೇ ಅತ್ತೆಗೊಂದು ಜ್ವರ ಬಂದಿತ್ತಂತೆ. ಜ್ವರ ಬಿಟ್ಟಿತು, ವಾಸನೆ ಮರಳಲಿಲ್ಲ. ಅದರ ಹಿಂದೆಯೇ ರುಚಿಯೂ ಹೋಯಿತು. "ಬಂದ ನೆಂಟ ಹೋಗುವಾಗ ಕೈಗೆ ಸಿಕ್ಕಿದ್ದು ಎತ್ಕೊಂಡು ಹೋದ ಹಾಗೆ" ಎಂದು ಒಂದು ಸಲ ಹೇಳಿದರು. ಆ ಮೇಲೆ ಹೇಳಲಿಲ್ಲ. ಕಟ್ಟಡದಲ್ಲಿ ಯಾರಿಗೂ ಇದು ತಿಳಿಯದು. ಅಡುಗೆಯ ಬಗ್ಗೆ ಊರಿಗೆಲ್ಲ ಬುದ್ಧಿ ಹೇಳುವವರಿಗೆ ಸೀದ ವಾಸನೆಯೂ ತಿಳಿಯುವುದಿಲ್ಲ ಎಂದರೆ ಯಾರು ಕೇಳುತ್ತಾರೆ? ಅವರು ಉಪ್ಪನ್ನು ಬೆರಳಿನ ಅಳತೆಯಲ್ಲಿ ಹಾಕುತ್ತಿದ್ದರು, ಸೀಯುವುದನ್ನು ಹೊಗೆಯ ಬಣ್ಣದಲ್ಲಿ ತಿಳಿಯುತ್ತಿದ್ದರು. ಉಳಿದೆಲ್ಲವನ್ನೂ ಅಭ್ಯಾಸದಿಂದ ನಡೆಸಿಕೊಂಡು ಹೋಗುತ್ತಿದ್ದರು.

ಒಂದೇ ತೊಡಕು. ನಿನ್ನೆ ಉಳಿದದ್ದು ಇವತ್ತಿಗೆ ಆಗುತ್ತದೋ ಇಲ್ಲವೋ ತಿಳಿಯುವುದು ಹೇಗೆ? ಉಳಿದದ್ದನ್ನು ಬಳಸುವುದರ ಮೇಲೆಯೇ ನಿಂತ ಸಂಸಾರ ಅದು. ಪೊಟ್ಟಣದ ಮೇಲಿನ ತಾರೀಖನ್ನು ಅವರು ನಂಬುತ್ತಿರಲಿಲ್ಲ. "ಅದು ಮಾರೋನು ಬರೆದಿದ್ದು, ತಿನ್ನೋನು ಬರೆದಿದ್ದಲ್ಲ." ಹೀಗಾಗಿ, ನನ್ನ ಮೂಗು ಲೆಕ್ಕದಿಂದ ಹೋದ ಮೇಲೆ, ಬೆಕ್ಕಿಗೆ ಕೆಲಸ ಸಿಕ್ಕಿತು.

ಫ್ರಿಜ್ಜಿನಿಂದ ತೆಗೆದದ್ದನ್ನೆಲ್ಲ ಅತ್ತೆ ಮೊದಲು ಅದರ ಮುಂದೆ ಹಿಡಿಯುತ್ತಿದ್ದರು. ತಿನ್ನಿಸಲಿಕ್ಕಲ್ಲ, ಮೂಸಿಸಲಿಕ್ಕೆ. ಅದು ಮೂಗು ಚಾಚಿ, ಮೂಸಿ, ತುಟಿ ನೆಕ್ಕಿಕೊಂಡರೆ ಆ ಪದಾರ್ಥ ಪಾಸು. ಕೆಟ್ಟಿದ್ದರೆ ಅದು ಮೂಸಿ, ಹಿಂದೆ ಸರಿದು, ಪಂಜದಿಂದ ನೆಲ ಕೆರೆಯುತ್ತಿತ್ತು. ತಾನು ಮಾಡಿದ ಗಲೀಜನ್ನು ಮುಚ್ಚುವಾಗ ಕೆರೆಯುತ್ತದಲ್ಲ, ಹಾಗೆ. ನೆಲ ಕೆರೆಯಿತೆಂದರೆ ಮುಗಿಯಿತು, ಮೇಲ್ಮನವಿ ಇಲ್ಲ. ನಾನು ಬೆಳಗ್ಗೆ ಎದ್ದು, "ಸಾಹೇಬರು ಸಹಿ ಹಾಕಿದ್ರಾ ಅತ್ತೆ?" ಎಂದು ಕೇಳಿ ಕಾಫಿಗೆ ಕೂರುತ್ತಿದ್ದೆ.

"ಹಾಕ್ತು. ನೀನು ಕಣ್ಣು ಬಿಟ್ಟು ಕುಡಿ."

ಇಷ್ಟು ವರ್ಷದಲ್ಲಿ ಅದರ ತೀರ್ಪು ಒಂದೂ ತಪ್ಪಿರಲಿಲ್ಲ. ಮನೆಯಲ್ಲಿ ಯಾರ ಹೊಟ್ಟೆಯೂ ಕೆಟ್ಟಿರಲಿಲ್ಲ. ತಿನ್ನುವಂಥದ್ದು ಒಂದು ತುತ್ತೂ ಬಚ್ಚಲಿಗೆ ಹೋಗಿರಲಿಲ್ಲ.

ಆಮೇಲೆ ಒಂದು ಸೋಮವಾರ ಅದು ಹಾಲಿಗೆ ಮುಖ ತಿರುಗಿಸಿತು.

ಹಿಂದಿನ ದಿನ ತಂದ ಹಾಲು. ಅತ್ತೆ ಬಟ್ಟಲನ್ನು ಮತ್ತೊಮ್ಮೆ ಹಿಡಿದರು. ಅದು ಗೋಡೆ ನೋಡಿತು. ಅತ್ತೆ ಹಾಲನ್ನು ಚೆಲ್ಲಿ, ಖಾಲಿ ಪೊಟ್ಟಣ ಹಿಡಿದು ನೇರ ಹಾಲಿನ ಅಂಗಡಿಗೆ ಹೋದರು. ಕೆಲಸಕ್ಕೆ ಹೊರಟಿದ್ದ ನಾನೂ ಜೊತೆಗಿದ್ದೆ.

"ನಿನ್ನೆ ಕೊಟ್ಟ ಹಾಲು ಕೆಟ್ಟಿತ್ತಲ್ಲಪ್ಪ."

"ಎಲ್ಲರಿಗೂ ಅದೇ ಕೊಟ್ಟಿದ್ದು, ಯಾರೂ ಏನೂ ಅಂದಿಲ್ಲ. ಕಾಯಿಸಿದಾಗ ಒಡೀತಾ?"

"ಕಾಯಿಸಲಿಲ್ಲ."

"ಮತ್ತೆ ಹೆಂಗೆ ಗೊತ್ತಾಯ್ತು?"

ಅತ್ತೆ ಖಾಲಿ ಪೊಟ್ಟಣವನ್ನು ಮಡಿಸಿದರು. "ಗೊತ್ತಾಯ್ತು" ಎಂದರು.

ಹಾಲಿನವನು ನನ್ನ ಮುಖ ನೋಡಿದ. ನಾನು ಕರುಗಳ ಚಿತ್ರವಿದ್ದ ಕ್ಯಾಲೆಂಡರ್ ನೋಡಿದೆ.

ಮಾರನೆಯ ದಿನ ಹೊಸ ಹಾಲಿಗೂ ಅದೇ. ಮೊನ್ನೆಯ ಸೂಪ್ ಹಿಡಿದರು, ಮುಖ ತಿರುಗಿಸಿತು. ಬೇಯಿಸಿದ ಮೀನು ಹಿಡಿದರು, ಎದ್ದು ಕಿಟಕಿಯ ಕಟ್ಟೆಗೆ ಹೋಗಿ ಕೂತಿತು. ಅತ್ತೆ ಸೂಪನ್ನು ಬಚ್ಚಲಿಗೆ ಸುರಿದರು, ಮೀನನ್ನು ಕಾಗದದಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕಿದರು. ಆ ಮನೆಯ ಕಸದ ಡಬ್ಬಿಗೆ ಅಂಥ ಊಟ ಬಿದ್ದದ್ದು ಅದೇ ಮೊದಲು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಬೇಸರವಿರಲಿಲ್ಲ. ಹೊಲಿಗೆ ತಪ್ಪಿದ ಕಡೆ ದಾರ ಬಿಚ್ಚುವಾಗ ಇರುತ್ತದಲ್ಲ, ಆ ಮುಖ.

"ಫ್ರಿಜ್ ಕೆಟ್ಟಿದೆ" ಎಂದು ತೀರ್ಮಾನಿಸಿದರು. ಹುಳುಕು ಫ್ರಿಜ್ಜಿಗೆ ಬಂದು ನಿಂತ ಮೇಲೆ ಖರ್ಚಿಗೆ ಹಿಂದೆಮುಂದೆ ನೋಡಲಿಲ್ಲ. ರಿಪೇರಿಯವನು ಬಂದ. ಹಿಂದೆ ನೋಡಿದ, ಮುಂದೆ ನೋಡಿದ, ಒಳಗೆ ಒಂದು ಮೀಟರ್ ಇಟ್ಟು ಕಾದ, ಬಾಗಿಲಿನ ರಬ್ಬರನ್ನು ಬೆರಳಿನಿಂದ ಒತ್ತಿ ನೋಡಿದ.

"ಅಮ್ಮಾ, ಇದು ನನಗಿಂತ ಗಟ್ಟಿಮುಟ್ಟಾಗಿದೆ."

"ಒಳಗಿಟ್ಟಿದ್ದೆಲ್ಲ ಕೆಡ್ತಾ ಇದೆ."

ಅವನು ಒಂದು ಡಬ್ಬಿ ತೆರೆದು ಮೂಸಿದ. "ಚೆನ್ನಾಗೇ ಇದೆಯಲ್ಲ. ಮಧ್ಯಾಹ್ನದ ಊಟ ಆಗಿಲ್ಲ ನಂದು, ಕೊಡ್ತೀರಾ?"

ಅವನು ತಮಾಷೆಗೆಂದದ್ದು. ಅತ್ತೆ ನಿಜವಾಗಿಯೂ ಕೊಡಲು ಹೋದರು. ಕಿಟಕಿಯ ಕಡೆ ನೋಡಿ, ಡಬ್ಬಿ ಮುಚ್ಚಿಟ್ಟರು. "ಬೇಡಪ್ಪ. ನಿನಗೆ ಏನಾದ್ರೂ ಆದ್ರೆ ನಾನು ಜವಾಬ್ದಾರಿ." ಅವನ ಕೂಲಿ ಕೊಟ್ಟು ಕಳಿಸಿದರು. ಅಷ್ಟು ಸರಳವಾಗಿ ಅವರು ಕೈಬಿಚ್ಚಿದ್ದು ನೋಡಿ ನನಗೆ ಯಾಕೋ ಸರಿಯೆನಿಸಲಿಲ್ಲ. ಸರಿಯೆನಿಸಲಿಲ್ಲ ಎಂದು ಮತ್ತೆ ಮೊಬೈಲ್ ನೋಡಿದೆ. ನನ್ನ ಆತಂಕದ ಉದ್ದ ಅಷ್ಟೇ.

ಮರುದಿನ ಬೆಳಗ್ಗೆ ಅತ್ತೆ ಬೆಕ್ಕಿನ ಮುಂದೆ ಮೊಟ್ಟೆ ಹಿಡಿದು ಕೂತಿದ್ದರು. ಆಗಷ್ಟೇ ಬೇಯಿಸಿದ ಮೊಟ್ಟೆ, ಇನ್ನೂ ಹಬೆಯಾಡುತ್ತಿತ್ತು. ಇನ್ಸ್‌ಪೆಕ್ಟರ್ ಕಣ್ಣು ಅರೆಮುಚ್ಚಿ ಬಾಲ ಮಡಚಿ ಕೂತಿತ್ತು.

"ಮೊಟ್ಟೆಯೂ ಕೆಟ್ಟಿದೆ" ಎಂದರು ಅತ್ತೆ. "ಏನಾಯ್ತು ಈ ಊರಿಗೆ?"

ನನ್ನ ಮೊಬೈಲ್ ಚಾರ್ಜಿಗೆ ಹಾಕಿದ್ದರಿಂದ ಕಣ್ಣಿಗೆ ಬೇರೆ ಕೆಲಸವಿರಲಿಲ್ಲ. ನಾನು ಬೆಕ್ಕನ್ನು ನೋಡಿದೆ.

"ಅತ್ತೆ, ಅದು ನೆಲ ಕೆರೀತಾ?"

"ಇಲ್ಲ."

"ಹಾಲಿಗೆ?"

"ಕೆರೀಲಿಲ್ಲ. ಕೆರೆಯೋಕೂ ಲಾಯಕ್ಕಿಲ್ಲ ಅನ್ನೋ ಹಾಗೆ ಮುಖ ತಿರುಗಿಸ್ತು. ಅಷ್ಟು ಕೆಟ್ಟಿದೆ ಅಂದ್ಕೊಂಡೆ."

"ಮೂಸ್ತಾ?"

ಅತ್ತೆ ಮುಂದಕ್ಕೆ ಬಗ್ಗಿದರು. ಮೊಟ್ಟೆಯನ್ನು ಅದರ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು. ಮೂಗು ಅಲುಗಲಿಲ್ಲ. ಮೂಗಿನ ಒಂದು ಹೊಳ್ಳೆಯ ಸುತ್ತ ಹಳದಿ ಒಣಗಿ ಅಂಟಿತ್ತು. ಅದು ಬಾಯಿಯಿಂದ ಉಸಿರಾಡುತ್ತಿತ್ತು.

"ಇದು ಏನಾದ್ರೂ ತಿಂದು ಎಷ್ಟು ದಿನ ಆಯ್ತು ಅತ್ತೆ?"

"ಟೀಚರ್ ಮನೇಲಿ ಬಿಸ್ಕತ್ತು ತಿಂತಿರುತ್ತೆ ಅಂದ್ಕೊಂಡಿದ್ದೆ."

ಟೀಚರ್ ವಾರದಿಂದ ತಂಗಿಯ ಮನೆಗೆ ಹೋಗಿದ್ದರು. ಅವರ ಬಾಗಿಲಿನ ಬೀಗ ನಮ್ಮ ಅಡುಗೆಮನೆಯಿಂದಲೇ ಕಾಣುತ್ತಿತ್ತು. ಇಬ್ಬರೂ ಅದನ್ನು ನೋಡಿದೆವು.

ಅತ್ತೆ ಮೊಟ್ಟೆಯನ್ನು ತಟ್ಟೆಯಲ್ಲಿಟ್ಟು ಎದ್ದರು. ಮಾವನ ಹಳೆಯ ಸ್ವೆಟರು ಹಾಸಿದ ಬುಟ್ಟಿಯಲ್ಲಿ ಬೆಕ್ಕನ್ನು ಕೂರಿಸಿದರು. ಅದು ಪರಚಲಿಲ್ಲ. ಪರಚಿದ್ದರೆ ಚೆನ್ನಾಗಿತ್ತು.

ಪ್ರಾಣಿಗಳ ಡಾಕ್ಟರಮ್ಮ ಕನ್ನಡಕ ಹಣೆಗೇರಿಸಿ, ಬೆಕ್ಕಿನ ಚರ್ಮ ಎಳೆದು, ಬಾಯಿ ತೆರೆದು, ಮೂಗು ಒರೆಸಿ ನೋಡಿದರು.

"ನೆಗಡಿ ಜೋರಾಗಿದೆ. ಮೂಗು ಪೂರ್ತಿ ಕಟ್ಟಿದೆ. ಬೆಕ್ಕಿಗೆ ವಾಸನೆ ಸಿಗದಿದ್ರೆ ಅದು ಊಟ ಅಂತಲೇ ಗೊತ್ತಾಗಲ್ಲ. ಎದುರಿಗೆ ಇಟ್ಟರೂ ಉಪವಾಸ ಬೀಳುತ್ತೆ. ಆಗಲೇ ತಡವಾಗಿದೆ. ಇನ್ನೂ ತಿನ್ನದೆ ಇದ್ರೆ ಲಿವರ್ ಕೈಕೊಡುತ್ತೆ."

"ಔಷಧ ಇದೆಯಲ್ಲ?"

"ಮೂಗಿಗೆ ಔಷಧ ಇದೆ, ಸೂಜಿ ಹಾಕಿ ನೀರಿನಂಶ ಕೊಡ್ತೀನಿ. ಊಟಕ್ಕೆ ಔಷಧ ಇಲ್ಲ. ಬೆಚ್ಚಗೆ ಮಾಡಿ, ಬೆರಳಲ್ಲಿ ಸ್ವಲ್ಪ ಸ್ವಲ್ಪ ತಿನ್ನಿಸಿ ನೋಡಿ. ಇವತ್ತು ನಾಳೆಯೊಳಗೆ ತಾನಾಗೇ ತಿಂದ್ರೆ ಉಳಿಯುತ್ತೆ. ಇಲ್ಲಾಂದ್ರೆ ಇಲ್ಲೇ ಇಟ್ಕೊಂಡು ಊಟಕ್ಕೆ ಹೊಟ್ಟೆಗೆ ನಳಿಗೆ ಹಾಕ್ಬೇಕು. ವಯಸ್ಸಾಗಿದೆ, ತಡ್ಕೊಳ್ಳುತ್ತೆ ಅಂತ ಹೇಳಕ್ಕಾಗಲ್ಲ."

ಅತ್ತೆ ಸ್ವಲ್ಪ ಹೊತ್ತು ಬುಟ್ಟಿಯ ಹಿಡಿಯನ್ನು ಸವರಿದರು. "ವಾಸನೆ ಇಲ್ದೆ ತಿನ್ನಕ್ಕೆ ಆಗೋದೇ ಇಲ್ವಾ ಡಾಕ್ಟರೇ?"

"ಬೆಕ್ಕಿಗೆ ಕಷ್ಟ ಅಮ್ಮ."

"ಆಗುತ್ತೆ" ಎಂದರು ಅತ್ತೆ. "ನಾನು ತಿಂತಾ ಇದೀನಿ."

ಡಾಕ್ಟರಮ್ಮ ಕನ್ನಡಕ ಕೆಳಗಿಳಿಸಿ ಅವರನ್ನು ನೋಡಿದರು. ಚೀಟಿ ಬರೆದು ಕೊಟ್ಟರು. ಹೊರಗೆ ಔಷಧಿಯ ಬಿಲ್ಲು ನೋಡಿ ನನ್ನ ಬಾಯಿ ಸುಮ್ಮನಿರಲಿಲ್ಲ. ಸುಮ್ಮನಿರಬೇಕಾದಾಗ ಮಾತಾಡುವುದು, ಮಾತಾಡಬೇಕಾದಾಗ ಮೊಬೈಲ್ ನೋಡುವುದು, ಇವೆರಡು ನನಗೆ ಚೆನ್ನಾಗಿ ಬರುತ್ತವೆ.

"ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲ ಅತ್ತೆ."

"ನನ್ನ ಮೂಗು ಕಣೋ ಅದು" ಎಂದು ಅತ್ತೆ ದುಡ್ಡು ಎಣಿಸಿಕೊಟ್ಟರು.

ಆ ದಿನ ಅವರು ಅಂಗಡಿಗೆ ಹೋಗಲಿಲ್ಲ. ನಾನೂ ಗೋದಾಮಿಗೆ ಫೋನ್ ಮಾಡಿ ಮನೆಯಲ್ಲಿ ಕಾಯಿಲೆ ಎಂದೆ. ಯಾರಿಗೆ ಎಂದು ಮೇಲ್ವಿಚಾರಕ ಕೇಳಿದಾಗ, "ಮನೆ ಯಜಮಾನರಿಗೆ" ಎಂದೆ. ನನಗೆ ತಿಳಿದ ಮಟ್ಟಿಗೆ ಅದು ಸುಳ್ಳಲ್ಲ.

ಅತ್ತೆ ಮೀನಿನ ತುಂಡು ಬೇಯಿಸಿದರು. ಬೆಚ್ಚಗಿಡಲು ಬೇರೆ ಒಲೆ ಹಚ್ಚಲಿಲ್ಲ. ಆಗಲೂ ಅನ್ನದ ಪಾತ್ರೆಯ ಮುಚ್ಚಳದ ಮೇಲೆ ಬಟ್ಟಲಿಟ್ಟರು. ಮೂಗಿಗೆ ಹನಿ ಔಷಧ ಹಾಕಿ ಒರೆಸಿದರು. ಆಮೇಲೆ ಅಡುಗೆಮನೆಯ ನೆಲದ ಮೇಲೆ, ಬುಟ್ಟಿಯ ಎದುರು, ಚಕ್ಕಳಮಕ್ಕಳ ಹಾಕಿ ಕೂತರು. ಬೆರಳ ತುದಿಯ ಚೂರನ್ನು ಅದರ ಬಾಯಿಗೆ ಹಚ್ಚಿದರು. ಅದು ತಲೆ ಒದರಿತು, ಚೂರು ನೆಲಕ್ಕೆ ಬಿತ್ತು. ಮತ್ತೆ ಹಚ್ಚಿದರು. ಮತ್ತೆ ಬಿತ್ತು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

ಅತ್ತೆ ಬಟ್ಟಲಿನಿಂದ ಒಂದು ಚೂರು ತೆಗೆದು ತಮ್ಮ ಬಾಯಿಗೆ ಹಾಕಿಕೊಂಡರು. ಉಪ್ಪಿಲ್ಲದ್ದು, ಬರೀ ಬೇಯಿಸಿದ್ದು.

"ಇಲ್ನೋಡು" ಎಂದರು ಬೆಕ್ಕಿಗೆ. "ಬಾಯಲ್ಲಿ ಇಟ್ಕೋಬೇಕು. ಇಟ್ಕೊಂಡ್ರೆ ಏನೂ ಅನ್ಸಲ್ಲ. ಒದ್ದೆ ಬಟ್ಟೆ ಇಟ್ಕೊಂಡ ಹಾಗಿರುತ್ತೆ. ಇರ್ಲಿ. ಅಗಿಬೇಕು. ಬಿಸಿ ಇದೆಯಾ, ತಣ್ಣಗಿದೆಯಾ ಅಷ್ಟು ಗೊತ್ತಾಗುತ್ತೆ. ಮೆತ್ತಗಿದೆಯಾ, ಗಟ್ಟಿಯಿದೆಯಾ ಅದೂ ಗೊತ್ತಾಗುತ್ತೆ. ಅಷ್ಟು ಸಾಕು. ಆಮೇಲೆ ನುಂಗ್ಬೇಕು."

ನುಂಗಿದರು. ಬೆಕ್ಕು ಅವರ ಗಂಟಲನ್ನು ನೋಡುತ್ತಿತ್ತು.

"ಮೊದಮೊದಲು ಬೇಜಾರಾಗುತ್ತೆ. ಯಾಕೆ ತಿನ್ಬೇಕು ಅನ್ಸುತ್ತೆ. ಆಮೇಲೆ ಬೇಜಾರೂ ಆಗಲ್ಲ. ಹೊತ್ತಾಯ್ತು, ತಿನ್ನು. ಅಷ್ಟೇ."

ಅವರು ಹೇಳಿದ್ದು ಹೊಲಿಗೆ ಕಲಿಸುವವರ ಧಾಟಿಯಲ್ಲಿ. ಸೂಜಿ ಹೀಗೆ ಹಿಡಿ, ದಾರ ಹೀಗೆ ಎಳೆ ಎಂಬಂತೆ. ಈ ಮನೆಯಲ್ಲಿ ಅವರ ಎದುರು ಕೂತು ಎಷ್ಟೋ ಸಲ ಊಟ ಮಾಡಿದ್ದೇನೆ. ಅವರು ಏನು ತಿನ್ನುತ್ತಿದ್ದಾರೆ ಎಂದು ನಾನು ಒಂದು ಸಲವೂ ಯೋಚಿಸಿರಲಿಲ್ಲ. ಈಗಲೂ ಎದೆ ಬಿರಿಯಿತು ಎಂದೆಲ್ಲ ಬರೆದರೆ ಸುಳ್ಳಾಗುತ್ತದೆ. ಕಾಲು ಜೋಮು ಹಿಡಿದಾಗ ಕೆಳಗೆ ಯಾರೋ ಬೇರೆಯವರ ಕಾಲು ಇದ್ದಂತೆ ಅನಿಸುತ್ತದಲ್ಲ, ಹಾಗೆ ನಿಂತಿದ್ದೆ.

ಹೀಗೆ ಮಧ್ಯಾಹ್ನ ಕಳೆಯಿತು. ಅತ್ತೆ ಒಂದು ಚೂರು ತಿನ್ನುವುದು, ಅದಕ್ಕೊಂದು ಚೂರು ಒಸಡಿಗೆ ಹಚ್ಚುವುದು. ಕೆಲವು ಬಿದ್ದವು, ಕೆಲವನ್ನು ಅದು ವಿಧಿಯಿಲ್ಲದೆ ನುಂಗಿತು. ಬಿದ್ದದ್ದನ್ನು ಅತ್ತೆ ಎತ್ತಿ ಬೇರೆ ತಟ್ಟೆಗೆ ಹಾಕುತ್ತಿದ್ದರು. ಮೊದಲ ಬಾರಿಗೆ ಅದನ್ನು ಮತ್ತೆ ಯಾವುದಕ್ಕೆ ಬಳಸಬಹುದು ಎಂದು ಅವರು ಹೇಳಲಿಲ್ಲ.

"ನಾನು ಕೂರ್ಲಾ ಅತ್ತೆ?" ಎಂದೆ.

"ನಿನ್ನ ನೋಡಿದ್ರೆ ಅದಕ್ಕೆ ನಂಬಿಕೆ ಬರಲ್ಲ. ನೀನು ಏನು ಕೊಟ್ರೂ ತಿಂತೀಯ."

ಸಂಜೆಗೆ ಬೆಳಕು ಕಿಟಕಿಯ ಕಟ್ಟೆಯಿಂದ ಇಳಿಯುವ ಹೊತ್ತಿಗೆ ಅತ್ತೆಯ ಬಟ್ಟಲಲ್ಲಿ ಕೊನೆಯ ತುಂಡು ಉಳಿದಿತ್ತು. ಅವರು ಅದನ್ನು ಎರಡು ಮಾಡಿದರು. ತಮ್ಮದನ್ನು ಬಾಯಿಗಿಟ್ಟು ನಿಧಾನ ಅಗಿದರು. ಇನ್ನೊಂದನ್ನು ಅಂಗೈಯಲ್ಲಿಟ್ಟು ಚಾಚಿ, ಸುಮ್ಮನೆ ಕಾದರು. ಬೆಕ್ಕು ಅವರ ದವಡೆಯನ್ನು ನೋಡಿತು, ಅಂಗೈಯನ್ನು ನೋಡಿತು. ಮೂಸುವ ಯತ್ನವನ್ನೇ ಮಾಡದೆ, ಔಷಧಿ ತೆಗೆದುಕೊಳ್ಳುವವರ ಹಾಗೆ, ಬಾಯಿ ಹಾಕಿ ಎತ್ತಿಕೊಂಡಿತು. ಅಗಿಯಿತು. ನುಂಗಿತು.

"ಅಷ್ಟೇ" ಎಂದರು ಅತ್ತೆ.

ಮಾರನೆಯ ದಿನ ಅದು ಬಟ್ಟಲಿನಿಂದಲೇ ತಿಂದಿತು, ಅತ್ತೆ ಎದುರು ಕೂತು ತಿನ್ನುತ್ತಿದ್ದರೆ ಮಾತ್ರ. ನಳಿಗೆಯ ಮಾತು ಅಲ್ಲಿಗೆ ನಿಂತಿತು. ಮೂಗು ಮಾತ್ರ ನಿಧಾನಕ್ಕೆ ಬಿಡುತ್ತಿತ್ತು. ಅಲ್ಲಿಯವರೆಗೆ ಮನೆಗೊಂದು ಮೂಗು ಬೇಕಲ್ಲ. ಬೇರೆ ಗತಿಯಿಲ್ಲದೆ ನನ್ನನ್ನು ತಾತ್ಕಾಲಿಕವಾಗಿ ನೇಮಿಸಿದರು. ಬೆಳಗ್ಗೆ ಮೊಬೈಲ್ ಕಸಿದು ಪಕ್ಕಕ್ಕಿಟ್ಟು, ಡಬ್ಬಿ ಹಿಡಿದು, "ಮೂಸು" ಎನ್ನುತ್ತಿದ್ದರು.

"ಚೆನ್ನಾಗಿದೆ."

"ಅದು ಚೀಟಿ ಅಂಟಿಸಿದ ಹಾಗಾಯ್ತು. ಏನು ವಾಸನೆ ಅಂತ ಹೇಳು."

ನನಗೆ ಬರುತ್ತಿರಲಿಲ್ಲ. ಮೊದಲ ದಿನ, "ಸೂಪಿನ ವಾಸನೆ" ಎಂದು ಬೈಸಿಕೊಂಡೆ. ಆಮೇಲೆ ಕಣ್ಣು ಮುಚ್ಚಿ ಮೂಸಿ, "ಸ್ವಲ್ಪ ಮಣ್ಣು, ಸ್ವಲ್ಪ ಸಿಹಿ, ಕ್ಯಾರೆಟ್ ಇರಬೇಕು, ಹಿಂದೆ ಮೆಣಸು" ಎಂದೆ. ಅತ್ತೆ ಡಬ್ಬಿ ಹಿಡಿದ ಕೈ ಹಾಗೇ ಇಟ್ಟುಕೊಂಡು ಕೇಳುತ್ತಿದ್ದರು. "ಮೆಣಸು ಜಾಸ್ತಿಯಾ?" "ಇಲ್ಲ, ಸರಿಯಾಗಿದೆ." "ಹ್ಞೂಂ" ಎಂದು ಒಲೆಯ ಮೇಲಿಟ್ಟರು. ಊಟಕ್ಕೆ ಕೂತಾಗಲೂ ಆಗಾಗ ಕೇಳತೊಡಗಿದರು. ನಾನು ಹೇಳುತ್ತಿದ್ದೆ. ಅವರು ಅಗಿಯುತ್ತಿದ್ದರು.

ಮತ್ತೊಂದು ಸೋಮವಾರ. ಶನಿವಾರದ ಸೂಪನ್ನು ನಾನು ಮೂಸಿ, ಕ್ಯಾರೆಟ್ಟು ಮೆಣಸೆಲ್ಲ ಸವಿಸ್ತಾರವಾಗಿ ವರ್ಣಿಸಿ ಪಾಸು ಮಾಡಿದೆ. ಕೆಲಸಕ್ಕೆ ಹೊರಡುವ ಗಡಿಬಿಡಿ. ಅತ್ತೆ ಬಿಸಿಮಾಡಲು ಡಬ್ಬಿ ಎತ್ತಿಕೊಂಡು ಹೋಗುತ್ತಿದ್ದಾಗ ಇನ್ಸ್‌ಪೆಕ್ಟರ್ ಕಿಟಕಿಯಿಂದ ಇಳಿದು ಬಂದು ಅಡ್ಡ ನಿಂತಿತು. ಅತ್ತೆ ಬಗ್ಗಿ ಡಬ್ಬಿ ಹಿಡಿದರು. ಅದು ಮೂಗು ಚಾಚಿತು. ಹೊಳ್ಳೆ ಎರಡೂ ಅಲುಗಿದವು. ಹಿಂದೆ ಸರಿಯಿತು. ಬಲ ಪಂಜದಿಂದ ನೆಲವನ್ನು ಕೆರೆಯತೊಡಗಿತು. ಒಂದು ಸಲ ಕೆರೆದು ಬಿಡಲಿಲ್ಲ, ಡಬ್ಬಿಯನ್ನೇ ಹೂಳುವವರಂತೆ ಕೆರೆಯಿತು.

"ಕೆರೀತು" ಎಂದರು ಅತ್ತೆ.

ಅವರು ಆ ಸೂಪನ್ನು ಪೂರ್ತಿ ಬಚ್ಚಲಿಗೆ ಸುರಿದರು. ಡಬ್ಬಿ ತೊಳೆದು ಬೋರಲು ಹಾಕಿದರು. ಊಟ ಚೆಲ್ಲುವಾಗ ಅವರ ಮುಖ ಅಷ್ಟು ಹಗುರವಾಗಿದ್ದದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಕೆಲಸ ಮುಗೀತು, ಮೊಬೈಲ್ ತಗೋ" ಎಂದರು.

ತಗೊಂಡೆ. ತಪಾಸಣೆಯ ಹೆಸರಿನಲ್ಲಿ ನಾನಾಗಲೇ ಆ ಸೂಪನ್ನು ಒಂದು ಲೋಟ ಕುಡಿದಿದ್ದೆ ಎಂದು ಹೇಳುವ ಹೊತ್ತು ಅದಲ್ಲ ಎನಿಸಿತು. ಮಧ್ಯಾಹ್ನದಿಂದ ಸಂಜೆಯವರೆಗೆ, ಗೋದಾಮಿನ ಕಕ್ಕಸಿನ ಬಾಗಿಲಿನ ಒಳಗಡೆ ಯಾರೋ ಅಂಟಿಸಿದ್ದ 'ಎಚ್ಚರಿಕೆ, ಒಡೆಯುವ ವಸ್ತು' ಚೀಟಿಯನ್ನು ಓದುತ್ತಾ, ಇನ್ಸ್‌ಪೆಕ್ಟರ್ ಪರವಾಗಿ ಸಾಕ್ಷಿ ಹೇಳಿದೆ.